ಎಲ್‌ಎಸ್3 ಕೊನೆಗೆ, ಬ್ರೇಕ್ ಮೊದಲು: 1969ರ ಕ್ಯಾಮರೊ ಬಗ್ಗೆ ಒಂದು ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾನು ಮಿಶಿಗನ್‌ನ ಟ್ರಾಯ್‌ನಲ್ಲಿದ್ದೇನೆ, ಊರು ಮೈಸೂರು. ಪಕ್ಕದ ಬೀದಿಯ ಹಿರಿಯರೊಬ್ಬರು ತಮ್ಮ 1969ರ ಶೆವ್ರೊಲೆ ಕ್ಯಾಮರೊ ಮಾರುತ್ತಿದ್ದಾರೆ. 307 (ಕ್ಯೂಬಿಕ್ ಇಂಚಿನ) ವಿ8 ಎಂಜಿನ್, ಎರಡೇ ಗೇರಿನ ಪವರ್‌ಗ್ಲೈಡ್ ಆಟೊಮ್ಯಾಟಿಕ್, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಇದಕ್ಕೆ ಜನರಲ್ ಮೋಟರ್ಸ್‌ನ ಹೊಸ ಕಾಲದ ಎಲ್‌ಎಸ್3 ವಿ8 ಎಂಜಿನ್ ಹಾಕಿಸಿ, ಹೆಂಡತಿ ಮಕ್ಕಳ ಜೊತೆ ಡೆಟ್ರಾಯಿಟ್‌ನ ವುಡ್‌ವರ್ಡ್ ಅವೆನ್ಯೂದಲ್ಲಿ ಓಡಿಸಬೇಕು ಅಂತ ಆಸೆ. ಮೊದಲು ಎಂಜಿನ್ ಹಾಕಿಸಿ, ಉಳಿದದ್ದನ್ನು ದುಡ್ಡು ಬಂದ ಹಾಗೆ ಮಾಡಿಸಿದರೆ ನಡೆಯುತ್ತದಾ? ಮುಂದೆ ಯಾವಾಗಲಾದರೂ ಕಾರನ್ನು ಮೈಸೂರಿಗೆ ತರಬಹುದಾ?

ಉತ್ತರ: ಕಾರಿನ ಆಯ್ಕೆ ಒಳ್ಳೆಯದು. ಕೆಲಸದ ಕ್ರಮ ಮಾತ್ರ ತಿರುವುಮುರುವಾಗಿದೆ. ಎಂಜಿನ್ ಕೊನೆಗೆ ಬರಬೇಕು. ಬ್ರೇಕ್, ಸ್ಟೀರಿಂಗ್, ಸಸ್ಪೆನ್ಷನ್ ಮೊದಲು. ಅದಕ್ಕೂ ಮೊದಲು ಬಾಡಿ. ಈ ಕ್ರಮ ಬದಲಿಸಬೇಡಿ ಅಂತ ಕೇಳಿಕೊಳ್ಳುತ್ತೇನೆ. 430 ಅಶ್ವಶಕ್ತಿಯ ಎಂಜಿನ್ ಹಾಕಿಸಿ, ಒಂದೇ ಒಂದು ಬೇಸಿಗೆ ಅಂತ ಹಳೇ ಡ್ರಮ್ ಬ್ರೇಕಿನಲ್ಲೇ ಓಡಿಸಿದರೂ ಅಪಾಯ. ಹಿಂದಿನ ಸೀಟಿನಲ್ಲಿ ಮಕ್ಕಳಿರುತ್ತಾರೆ ಅಂತ ಬೇರೆ ಹೇಳಿದ್ದೀರಿ.

ಮೊದಲು ಇದು ಯಾವ ಕಾರು ಅಂತ ಖಚಿತ ಮಾಡಿಕೊಳ್ಳಿ. ಡ್ರೈವರ್ ಬದಿಯ ಡ್ಯಾಶ್‌ಬೋರ್ಡಿನ ಮೇಲೆ, ಮುಂದಿನ ಗಾಜಿನ ಮೂಲಕ ಕಾಣುವ ಹಾಗೆ, ಒಂದು ಸಣ್ಣ ಪಟ್ಟಿಯಲ್ಲಿ ವಿಐಎನ್ ನಂಬರ್, ಅಂದರೆ ಕಾರಿನ ಗುರುತಿನ ಸಂಖ್ಯೆ ಇರುತ್ತದೆ. ನಿಮ್ಮದು 124379ರಿಂದ ಶುರುವಾಗಬೇಕು. ಮೊದಲ 1 ಅಂದರೆ ಶೆವ್ರೊಲೆ. 24 ಅಂದರೆ ವಿ8 ಎಂಜಿನ್ನಿನ ಕ್ಯಾಮರೊ. ಅಲ್ಲಿ 23 ಇದ್ದರೆ ಆರು ಸಿಲಿಂಡರಿನ ಕಾರಾಗಿ ಹುಟ್ಟಿದ್ದು, ವಿ8 ಆಮೇಲೆ ಬಂದದ್ದು. 37 ಅಂದರೆ ಕೂಪೆ, 67 ಇದ್ದರೆ ಕನ್ವರ್ಟಿಬಲ್. 9 ಅಂದರೆ 1969. ಆ 9ರ ನಂತರ ‘ಎನ್’ ಇದ್ದರೆ ಒಹಾಯೊದ ನಾರ್ವುಡ್ ಕಾರ್ಖಾನೆ, ‘ಎಲ್’ ಇದ್ದರೆ ಕ್ಯಾಲಿಫೋರ್ನಿಯಾದ ವ್ಯಾನ್ ನೈಸ್.

ಒಂದು ವಿಷಯ ಗಮನಿಸಿ. ಝೀ/28, ಎಸ್‌ಎಸ್ ಅಂದರೆ ಇದೇ ಕಾರಿನ ಹೆಚ್ಚು ಶಕ್ತಿಯ ಮಾದರಿಗಳು. ಕಾರು ಝೀ/28 ಹೌದೋ ಅಲ್ಲವೋ, ಎಸ್‌ಎಸ್ ಹೌದೋ ಅಲ್ಲವೋ ಅನ್ನೋದನ್ನು ಈ ನಂಬರ್ ಹೇಳುವುದೇ ಇಲ್ಲ. ಎಸ್‌ಎಸ್ ಬ್ಯಾಡ್ಜ್ ಯಾರು ಬೇಕಾದರೂ ತಂದು ಅಂಟಿಸಬಹುದು, ಅಂಟಿಸಿಯೂ ಇದ್ದಾರೆ. ಹಾಗಾಗಿ ಬ್ಯಾಡ್ಜ್ ನೋಡಿ ದುಡ್ಡು ಕೊಡಬೇಡಿ. ಕಾಗದಪತ್ರ ನೋಡಿ ಕೊಡಿ. ನಿಮ್ಮದು ಸಾಮಾನ್ಯ 307 ಕಾರು ಅಂದರೆ ನನಗಂತೂ ಸಂತೋಷ. ಅಸಲಿ ಝೀ/28 ಆಗಿದ್ದರೆ, ಅಥವಾ ಇಡೀ ಅಲ್ಯುಮಿನಿಯಂ 427 ಎಂಜಿನ್ ಇದ್ದ, ಬರೀ 69 ತಯಾರಾದ ಝೀಎಲ್1 ಆಗಿದ್ದರೆ, ಅದಕ್ಕೆ ಸ್ಪ್ಯಾನರ್ ಹಚ್ಚಲೇಬೇಡಿ ಅನ್ನುತ್ತಿದ್ದೆ. ಆ ವರ್ಷ ಎರಡು ಲಕ್ಷ ನಲವತ್ತು ಸಾವಿರಕ್ಕಿಂತ ಜಾಸ್ತಿ ಕ್ಯಾಮರೊ ತಯಾರಾದವು. ಅದರಲ್ಲಿ ಬಹುಪಾಲು ನಿಮ್ಮದರಂಥ ಸಾದಾ ಕಾರುಗಳೇ. ಹೊಸ ಭಾಗಗಳನ್ನು ಹಾಕಿಸಲು ಹೇಳಿ ಮಾಡಿಸಿದ ಹಾಗಿರುವುದು ಇವೇ.

ಈಗ ತುಕ್ಕಿನ ವಿಷಯ. ಈ ಕಾರು ಮಿಶಿಗನ್‌ನಲ್ಲೇ ಬಾಳಿದ್ದರೆ ಚಳಿಗಾಲದಲ್ಲಿ ರಸ್ತೆಗೆ ಹಾಕುವ ಉಪ್ಪು ತಿಂದಿರುತ್ತದೆ. ಮೇಲೆ ಪೇಂಟ್ ಹೊಳೆಯುತ್ತಿದೆ ಅಂತ ನಂಬಬೇಡಿ. ನೋಡಲು ಹೋಗುವಾಗ ಒಂದು ಸಣ್ಣ ಮ್ಯಾಗ್ನೆಟ್, ಒಂದು ಟಾರ್ಚ್, ಒಂದು ಬಾಟಲಿ ನೀರು ತೆಗೆದುಕೊಂಡು ಹೋಗಿ. ಮ್ಯಾಗ್ನೆಟ್ಟನ್ನು ತೆಳು ಬಟ್ಟೆಯಲ್ಲಿ ಸುತ್ತಿ, ಹಿಂದಿನ ಚಕ್ರದ ಮೇಲಿನ ಕಮಾನಿಗೂ ಫೆಂಡರಿನ ಕೆಳತುದಿಗೂ ಹಿಡಿದು ನೋಡಿ. ಅಂಟದಿದ್ದರೆ ಅಲ್ಲಿ ತಗಡಿಲ್ಲ, ಪುಟ್ಟಿ ಇದೆ.

ಆಮೇಲೆ ಮಾಲೀಕರನ್ನು ಕೇಳಿಕೊಂಡು, ವೈಪರ್ ಹತ್ತಿರದ ಜಾಲರಿಯೊಳಗೆ ನೀರನ್ನು ನಿಧಾನವಾಗಿ ಸುರಿಯಿರಿ. ಆ ನೀರು ಒಳಗಿನ ಕಾಲುವೆಯಲ್ಲಿ ಹರಿದು ಫೆಂಡರಿನ ಹಿಂದಿನಿಂದ ಹೊರಗೆ ಹೋಗಬೇಕು. ಬದಲಿಗೆ ಡ್ರೈವರಿನ ಕಾಲ ಬಳಿಯೋ ಪಕ್ಕದ ಸೀಟಿನವರ ಕಾಲ ಬಳಿಯೋ ತೊಟ್ಟಿಕ್ಕಿದರೆ ಕೌಲ್, ಅಂದರೆ ಮುಂದಿನ ಗಾಜಿನ ಬುಡದ ತಗಡು, ತೂತಾಗಿದೆ ಅಂತ ಅರ್ಥ. ಅದನ್ನು ಸರಿ ಮಾಡಲು ಕಾರಿನ ಮುಂಭಾಗವನ್ನೆಲ್ಲ ಬಿಚ್ಚಿ, ವೆಲ್ಡಿಂಗ್ ಬಿಡಿಸಿ, ಹೊಸದು ಕೂರಿಸಬೇಕು. ತುಂಬ ದುಡ್ಡು ನುಂಗುವ ಕೆಲಸ. ಹಿಂದಿನ ಗಾಜಿನ ಕೆಳಗಿನ ಅಂಚನ್ನೂ ನೋಡಿ. ಅಲ್ಲಿ ನಿಂತ ನೀರು ಸೋರಿ ಡಿಕ್ಕಿಯ ತಳವನ್ನು ತಿನ್ನುತ್ತದೆ. ಕೊನೆಗೆ ಕಾರಿನ ಕೆಳಗೆ ಮಲಗಿ, ಹಿಂದಿನ ಲೀಫ್ ಸ್ಪ್ರಿಂಗ್ ಕಟ್ಟಿರುವ ರೈಲುಗಳನ್ನು (ಉದ್ದನೆಯ ಲೋಹದ ತೊಲೆಗಳನ್ನು) ಸ್ಕ್ರೂಡ್ರೈವರಿನಿಂದ ಒತ್ತಿ ನೋಡಿ. ಮೆತ್ತಗಿದ್ದರೆ ಬೇರೆ ಕಾರು ಹುಡುಕಿ. 1969ರ ಕ್ಯಾಮರೊಗೆ ಹೊಸ ಫ್ಲೋರ್, ಹೊಸ ಫೆಂಡರ್ ಎಲ್ಲ ಸಿಗುತ್ತವೆ. ಡೈನಾಕಾರ್ನ್ ಅನ್ನುವ ಕಂಪನಿ ಇಡೀ ಬಾಡಿಯನ್ನೇ ಹೊಸದಾಗಿ ಮಾಡಿ ಮಾರುತ್ತದೆ. ಆದರೆ ಸಿಗುತ್ತದೆ ಅಂದ ಮಾತ್ರಕ್ಕೆ ಅಗ್ಗ ಅಲ್ಲ. ಎಷ್ಟೋ ಕಾರುಗಳಲ್ಲಿ ಎಂಜಿನ್ನಿಗಿಂತ ಟಿಂಕರಿಂಗ್ ಮತ್ತು ಪೇಂಟಿಗೇ ಜಾಸ್ತಿ ಖರ್ಚಾಗುತ್ತದೆ.

ಬಾಡಿ ಗಟ್ಟಿ ಇದೆ ಅಂತಾದರೆ ಬ್ರೇಕಿಗೆ ಬನ್ನಿ.

ನಿಮ್ಮ ಕಾರಿನಲ್ಲಿರುವುದು 9.5 ಇಂಚಿನ ಡ್ರಮ್. ಮೊದಲ ಸಲ ಜೋರಾಗಿ ಒತ್ತಿದಾಗ ಚೆನ್ನಾಗಿಯೇ ನಿಲ್ಲುತ್ತದೆ. ಎರಡನೇ, ಮೂರನೇ ಸಲಕ್ಕೆ ಡ್ರಮ್ ಕಾದು ಹಿಗ್ಗುತ್ತದೆ, ಒಳಗಿನ ಶೂ ಹಿಡಿತ ಬಿಡುತ್ತದೆ. ಬಿಸಿ ಹೊರಗೆ ಹೋಗಲು ದಾರಿ ಇಲ್ಲ. ಗಂಟೆಗೆ 60 ಮೈಲಿಯಿಂದ ನಿಲ್ಲುವಾಗ ಹುಟ್ಟುವ ಬಿಸಿಗೆ ಹೋಲಿಸಿದರೆ 90 ಮೈಲಿಯಿಂದ ನಿಲ್ಲುವಾಗ ಹುಟ್ಟುವುದು ಒಂದೂವರೆ ಪಟ್ಟಲ್ಲ, ಎರಡೂಕಾಲು ಪಟ್ಟು. ಎಲ್‌ಎಸ್3 ಇರುವ ಕಾರು 90 ಮುಟ್ಟುವುದು ನಿಮಗೆ ಗೊತ್ತೇ ಆಗುವುದಿಲ್ಲ.

ಕನಿಷ್ಠ ಮುಂದಿನ ಎರಡು ಚಕ್ರಕ್ಕಾದರೂ ಡಿಸ್ಕ್ ಬ್ರೇಕ್ ಬೇಕು. ನಾಲ್ಕಕ್ಕೂ ಆದರೆ ಒಳ್ಳೆಯದು. ವಿಲ್ವುಡ್, ಬೇಯರ್ ಕಂಪನಿಗಳ ಪೂರ್ತಿ ಕಿಟ್ ಈ ಕಾರಿಗೆ ಸಿಗುತ್ತದೆ. ಡಿಸ್ಕ್ ಹಾಕಿದ ಮೇಲೆ, ಪೆಡಲ್ ಒತ್ತಿದಾಗ ಬ್ರೇಕ್ ಎಣ್ಣೆಯನ್ನು ತಳ್ಳುವ ಮಾಸ್ಟರ್ ಸಿಲಿಂಡರನ್ನೂ ಅದಕ್ಕೆ ತಕ್ಕದ್ದನ್ನೇ ಹಾಕಬೇಕು. ಮುಂದಕ್ಕೆ ಎಷ್ಟು ಒತ್ತಡ, ಹಿಂದಕ್ಕೆ ಎಷ್ಟು ಅಂತ ಹಂಚುವ ವಾಲ್ವೂ ಬದಲಾಗಬೇಕು. ಇಲ್ಲದಿದ್ದರೆ ಮಳೆಯಲ್ಲಿ ಹಿಂದಿನ ಚಕ್ರ ಮೊದಲು ಲಾಕ್ ಆಗಿ ಕಾರು ತಿರುಗಿ ನಿಲ್ಲುತ್ತದೆ.

ಇನ್ನೊಂದು ಸಣ್ಣ ವಿಷಯವಿದೆ, ಎಷ್ಟೋ ಜನ ಇದನ್ನು ನೋಡುವುದೇ ಇಲ್ಲ. ಬ್ರೇಕ್ ಪೆಡಲಿನ ಮೇಲ್ಭಾಗದಲ್ಲಿ, ಡ್ಯಾಶ್‌ಬೋರ್ಡಿನ ಕೆಳಗೆ, ಎರಡು ತೂತುಗಳಿವೆ. ಬೂಸ್ಟರ್ (ಕಾಲಿನ ಬಲಕ್ಕೆ ನೆರವಾಗುವ ಸಾಧನ) ಇಲ್ಲದ ಬ್ರೇಕಿಗೆ ತಳ್ಳುಕಡ್ಡಿಯನ್ನು ಮೇಲಿನ ತೂತಿಗೆ ಸಿಕ್ಕಿಸಬೇಕು. ಅಲ್ಲಿ ನಿಮ್ಮ ಕಾಲಿನ ಬಲ ಸುಮಾರು ಆರು ಪಟ್ಟಾಗುತ್ತದೆ. ಬೂಸ್ಟರ್ ಇದ್ದರೆ ಕೆಳಗಿನ ತೂತು, ಅಲ್ಲಿ ಸುಮಾರು ನಾಲ್ಕು ಪಟ್ಟು. ಹೊಸ ಬೂಸ್ಟರ್ ಹಾಕಿ, ಕಡ್ಡಿಯನ್ನು ಹಳೇ ತೂತಿನಲ್ಲೇ ಬಿಟ್ಟರೆ ಪೆಡಲ್ ಮುಟ್ಟಿದರೆ ಸಾಕು, ಮೂತಿ ನೆಲಕ್ಕೆ ಬಡಿಯುವ ಹಾಗೆ ಹಿಡಿಯುತ್ತದೆ. ಮೆಕ್ಯಾನಿಕ್ ಕೆಲಸ ಮುಗಿಸಿದ ಮೇಲೆ ನೀವೇ ಬಗ್ಗಿ ನೋಡಿ.

ದೊಡ್ಡ ಡಿಸ್ಕ್ ಹಾಕಿದರೆ 14 ಇಂಚಿನ ಹಳೇ ಚಕ್ರ ಅದರ ಮೇಲೆ ಕೂರುವುದಿಲ್ಲ. 17 ಇಂಚಿಗೆ ಹೋಗಬೇಕಾಗುತ್ತದೆ. 18, 19ಕ್ಕೆ ಹೋಗುವವರೂ ಇದ್ದಾರೆ. ನನ್ನ ಕಣ್ಣಿಗೆ ಈ ಬಾಡಿಗೆ 17 ಒಪ್ಪುತ್ತದೆ. ಟೈರಿನ ಪಕ್ಕದ ಗೋಡೆ ಸ್ವಲ್ಪ ಕಾಣಬೇಕು. ಇಲ್ಲದಿದ್ದರೆ ಆ ಕಾಲದ ಮೈಕಟ್ಟು ಹೋಗಿಬಿಡುತ್ತದೆ. ಡೆಟ್ರಾಯಿಟ್ ಸುತ್ತಿನ ರಸ್ತೆಗುಂಡಿಗಳಿಗೂ ಅದೇ ವಾಸಿ.

ಚಕ್ರ ಬದಲಾದರೆ ಅಲೈನ್‌ಮೆಂಟ್ ಬದಲಾಗಬೇಕು. ಈ ಕಾರು ಬಂದಾಗ ಟೈರುಗಳು ಬಯಾಸ್ ಪ್ಲೈ, ಅಂದರೆ ಒಳಗಿನ ದಾರಗಳು ಓರೆಯಾಗಿರುವ ಹಳೇ ಥರದವು. ಈಗಿನವು ರೇಡಿಯಲ್. ಹಳೇ ಪುಸ್ತಕದಲ್ಲಿರುವ ಅಂಕಿಗಳ ಪ್ರಕಾರ ಅಲೈನ್‌ಮೆಂಟ್ ಮಾಡಿಸಿದರೆ ಹೈವೇನಲ್ಲಿ ಕಾರು ಅತ್ತಿತ್ತ ಓಲಾಡುತ್ತದೆ. ಕ್ಯಾಸ್ಟರ್ (ಚಕ್ರ ಹೊರಳುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಜಾಸ್ತಿ ಬೇಕು, ಐದು ಡಿಗ್ರಿಯ ಹತ್ತಿರ. ಹಳೇ ಮೇಲಿನ ಕಂಟ್ರೋಲ್ ಆರ್ಮ್‌ನಲ್ಲಿ ಅಷ್ಟು ಸಿಗುವುದಿಲ್ಲ. ಅದಕ್ಕೇ ಮಾಡಿದ ಬೇರೆ ಆರ್ಮ್‌ಗಳು ಬರುತ್ತವೆ. ಅವನ್ನು ಹಾಕಿಸಿ.

ಈ ಕಾರಿನ ರಚನೆಯೂ ಸ್ವಲ್ಪ ಬೇರೆ ಥರ. ಹಿಂಭಾಗ ಯೂನಿಬಾಡಿ, ಅಂದರೆ ಬಾಡಿ ಮತ್ತು ಫ್ರೇಮ್ ಒಂದೇ. ಮುಂದಿನ ಎಂಜಿನ್, ಸಸ್ಪೆನ್ಷನ್ ಎಲ್ಲ ಕೂತಿರುವುದು ಒಂದು ಪ್ರತ್ಯೇಕ ಸಬ್‌ಫ್ರೇಮ್ ಮೇಲೆ. ಅದನ್ನು ಬಾಡಿಗೆ ರಬ್ಬರ್ ಬುಷ್ ಇಟ್ಟು ಬೋಲ್ಟ್ ಹಾಕಿದ್ದಾರೆ. 50 ವರ್ಷ ದಾಟಿದ ಆ ರಬ್ಬರ್ ಈಗ ಹಪ್ಪಳದ ಹಾಗೆ ಪುಡಿಯಾಗುತ್ತದೆ. ಮೊದಲು ಆ ಬುಷ್ ಬದಲಿಸಿ. ಆಮೇಲೆ ಮುಂದಿನ ಸಬ್‌ಫ್ರೇಮ್‌ನಿಂದ ಹಿಂದಿನ ರೈಲಿಗೆ ಸೇರಿಸುವ ಕನೆಕ್ಟರ್ ಹಾಕಿಸಿ. ಇಡೀ ಕಾರು ಬಿಗಿಯಾಗುತ್ತದೆ, ಬಾಗಿಲು ಮುಚ್ಚುವ ಸದ್ದೇ ಬದಲಾಗುತ್ತದೆ. ಸ್ಟೀರಿಂಗಿಗೆ ಸುಮ್ನೆ ಅಗ್ಗದ, ಹಲ್ಲುಪಟ್ಟಿಯಿಂದ ಚಕ್ರ ಹೊರಳಿಸುವ ರ‍್ಯಾಕ್ ಕಿಟ್ ತಂದು ಹಾಕಬೇಡಿ. ಹಳೇ ಸಬ್‌ಫ್ರೇಮಿನಲ್ಲಿ ಸ್ಟೀರಿಂಗ್ ಕಡ್ಡಿಗಳಿರುವುದು ಚಕ್ರದ ನಡುಗೆರೆಯ ಹಿಂದೆ. ಅಲ್ಲಿ ತುರುಕಿದ ರ‍್ಯಾಕ್, ಗುಂಡಿ ಸಿಕ್ಕಾಗಲೆಲ್ಲ ಚಕ್ರವನ್ನು ತಾನೇ ತಿರುಗಿಸುತ್ತದೆ. ಸ್ವಲ್ಪ ತಿರುಗಿಸಿದರೂ ಚಕ್ರ ಬೇಗ ಹೊರಳುವ ಒಳ್ಳೆಯ ಕ್ವಿಕ್ ರೇಶಿಯೊ ಸ್ಟೀರಿಂಗ್ ಬಾಕ್ಸ್ ಸಾಕು. ರ‍್ಯಾಕ್ ಬೇಕೇ ಬೇಕು ಅಂದರೆ ಡೆಟ್ರಾಯಿಟ್ ಸ್ಪೀಡ್‌ನಂಥ ಕಂಪನಿಯವರ ಇಡೀ ಹೊಸ ಸಬ್‌ಫ್ರೇಮಿಗೇ ಹೋಗಿ.

ಮಕ್ಕಳ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಈ ಕಾರಿನಲ್ಲಿ ಏರ್‌ಬ್ಯಾಗ್ ಇಲ್ಲ, ಹಾಕಿಸಲೂ ಆಗುವುದಿಲ್ಲ. ಹಿಂದಿನ ಸೀಟಿನಲ್ಲಿ ಸೊಂಟದ ಬೆಲ್ಟ್ ಮಾತ್ರ ಇರುತ್ತದೆ. ಮಕ್ಕಳ ಬೂಸ್ಟರ್ ಸೀಟಿಗೆ ಭುಜದ ಬೆಲ್ಟ್ ಬೇಕೇ ಬೇಕು. ಆದ್ದರಿಂದ ಹಿಂದಕ್ಕೂ ಮೂರು ಬಿಂದುವಿನ ಬೆಲ್ಟ್ ಹಾಕಿಸಿ. ಅದರ ಬೋಲ್ಟ್ ಬರುವ ಜಾಗಕ್ಕೆ ದಪ್ಪ ಪ್ಲೇಟ್ ವೆಲ್ಡ್ ಮಾಡಿಸಿ. ಬರೀ ತಗಡಿಗೆ ಬೋಲ್ಟ್ ಹಾಕಿದರೆ ಅಪಘಾತದಲ್ಲಿ ಕಿತ್ತು ಬರುತ್ತದೆ. ಅದು ಆಗುವವರೆಗೆ ಮಕ್ಕಳನ್ನು ಕೂರಿಸಬೇಡಿ.

ಇಷ್ಟಾದ ಮೇಲೆ ಎಂಜಿನ್. ಇಲ್ಲಿ ಒಂದು ಲೆಕ್ಕ ತಿಳಿದಿರಬೇಕು. ನಿಮ್ಮ 307 ಎಂಜಿನ್ 200 ಅಶ್ವಶಕ್ತಿ ಅಂತ ಆಗಿನ ಪುಸ್ತಕ ಹೇಳುತ್ತದೆ. ಅದು ಗ್ರಾಸ್ ಅಂಕಿ. ಎಂಜಿನ್ನನ್ನು ಸ್ಟ್ಯಾಂಡಿನ ಮೇಲಿಟ್ಟು, ಮಫ್ಲರ್ ಇಲ್ಲದೆ, ಕಾರಿನಲ್ಲಿ ಎಳೆಯಬೇಕಾದ ಭಾರಗಳಿಲ್ಲದೆ ಅಳೆದದ್ದು. 1972ರಿಂದ ನೆಟ್ ಲೆಕ್ಕ, ಅಂದರೆ ಆ ಭಾರಗಳೆಲ್ಲ ಇರುವಾಗ ಅಳೆಯುವ ಲೆಕ್ಕ ಬಂತು. 1971ರಲ್ಲಿ ಜನರಲ್ ಮೋಟರ್ಸ್ ಎರಡನ್ನೂ ಕೊಟ್ಟಿತ್ತು. ಆ ವರ್ಷದ ಝೀ/28 ಎಂಜಿನ್ ಗ್ರಾಸ್‌ನಲ್ಲಿ 330, ನೆಟ್‌ನಲ್ಲಿ 275. ಎಂಜಿನ್ ಒಂದೇ, ಅಳತೆ ಬೇರೆ. ಹಾಗಾಗಿ ನಿಮ್ಮ 200ಕ್ಕೂ ಎಲ್‌ಎಸ್3ಯ 430ಕ್ಕೂ ಇರುವ ಅಂತರ ಕಾಗದದಲ್ಲಿ ಕಾಣುವುದಕ್ಕಿಂತ ದೊಡ್ಡದು.

ಎಲ್‌ಎಸ್ ಮನೆತನ ಶುರುವಾದದ್ದು 1997ರ ಕಾರ್ವೆಟ್‌ನಲ್ಲಿ. ಎಲ್‌ಎಸ್3 ಅಂದರೆ 6.2 ಲೀಟರ್, ಅಲ್ಯುಮಿನಿಯಂ ಬ್ಲಾಕ್. ನಿಮ್ಮ ಹಳೇ ಎರಕದ ಕಬ್ಬಿಣದ ಎಂಜಿನ್ನಿಗಿಂತ ಕಡಿಮೆ ಅಂದರೂ 40 ಕೆ.ಜಿ. ಹಗುರ. ಮುಂಭಾಗದ ಭಾರ ಇಳಿಯುವುದರಿಂದ ತಿರುವುಗಳಲ್ಲೂ ಕಾರು ಚುರುಕಾಗುತ್ತದೆ. ಕೂರುವುದೂ ಕಷ್ಟವಲ್ಲ. ಆದರೆ ಆಯಿಲ್ ಪ್ಯಾನ್ ಬದಲಿಸದಿದ್ದರೆ ಎಂಜಿನ್ ಕೆಳಗಿನ ಅಡ್ಡ ತೊಲೆಗೆ (ಕ್ರಾಸ್‌ಮೆಂಬರಿಗೆ) ತಾಗುತ್ತದೆ. ಎಸಿ ಕಂಪ್ರೆಸರ್ ಕೆಳಗಿದ್ದರೆ ಫ್ರೇಮಿಗೆ ತಾಗುತ್ತದೆ. ಇದಕ್ಕೆಲ್ಲ ತಯಾರಾದ ಭಾಗಗಳಿವೆ. ಎಲ್ಲವನ್ನೂ ಒಂದೇ ಕಂಪನಿಯ ಸೆಟ್ ಆಗಿ ತೆಗೆದುಕೊಳ್ಳಿ. ಅಲ್ಲೊಂದು ಇಲ್ಲೊಂದು ಅಂತ ಅಗ್ಗಕ್ಕೆ ಕೂಡಿಸಿದರೆ ಹೊಗೆ ಸಾಗಿಸುವ ಹೆಡರ್ ಪೈಪಿಗೂ ಸ್ಟೀರಿಂಗ್ ಶಾಫ್ಟಿಗೂ ಜಗಳ ಶುರುವಾಗುತ್ತದೆ. ದುಡ್ಡು ಬಿಗಿ ಇದ್ದರೆ ಗುಜರಿಗೆ ಹೋದ ಶೆವ್ರೊಲೆ ಸಿಲ್ವರಾಡೊ, ಟಾಹೊ ಗಾಡಿಗಳ 5.3 ಲೀಟರ್ ಎಂಜಿನ್ ನೋಡಿ. ಅದೇ ಮನೆತನ, ಬೆಲೆ ತುಂಬ ಕಡಿಮೆ. ಕುಟುಂಬದ ಓಡಾಟಕ್ಕೆ ಅದು ಧಾರಾಳ ಸಾಕು.

ಎಂಜಿನ್ನಿನ ಜೊತೆಗೇ ಬರುವ ಎರಡು ಕೆಲಸ ಮರೆಯಬೇಡಿ. ಹಳೇ ಕಾರ್ಬ್ಯುರೇಟರಿಗೆ 5ರಿಂದ 7 ಪಿಎಸ್‌ಐ ಒತ್ತಡದ ಪೆಟ್ರೋಲ್ ಸಾಕಿತ್ತು. ಎಲ್‌ಎಸ್3ಗೆ 58 ಪಿಎಸ್‌ಐ ಬೇಕು. ಅಂದರೆ ಒಳಗೇ ಎಲೆಕ್ಟ್ರಿಕ್ ಪಂಪ್ ಇರುವ ಹೊಸ ಟ್ಯಾಂಕ್, ಹೊಸ ಪೈಪು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುವುದರಿಂದ ಹಳೇ ರಬ್ಬರ್ ಪೈಪು ಹೇಗೂ ಕೆಡುತ್ತದೆ. ಒಂದು ಅಡಿಯಷ್ಟು ಕೂಡ ಹಳೆಯದು ಉಳಿಸಬೇಡಿ. ಇನ್ನೊಂದು ವೈರಿಂಗ್. ಇದ್ದ ಆಲ್ಟರ್ನೇಟರ್ 37 ಆಂಪಿಯರಿನದು. ರೇಡಿಯೇಟರಿನ ಎರಡು ಎಲೆಕ್ಟ್ರಿಕ್ ಫ್ಯಾನೇ ಅದರ ಬಹುಪಾಲು ಕುಡಿದುಬಿಡುತ್ತವೆ. ಹಳೇ ವೈರಿಗೆ ಹೊಸದನ್ನು ಗಂಟು ಹಾಕುತ್ತಾ ಹೋದರೆ ಬೆಂಕಿ ಹತ್ತುತ್ತದೆ. ಇಡೀ ಹಾರ್ನೆಸ್ (ವೈರುಗಳ ಕಟ್ಟು) ಹೊಸದು ಹಾಕಿಸಿ.

ಗೇರ್‌ಬಾಕ್ಸ್ ಬಗ್ಗೆ ಜನ ಕಡಿಮೆ ಮಾತಾಡುತ್ತಾರೆ. ನನ್ನ ಪ್ರಕಾರ ದಿನನಿತ್ಯದ ಸುಖ ಇರುವುದು ಅಲ್ಲೇ. ಪವರ್‌ಗ್ಲೈಡ್‌ನ ಎರಡನೇ ಗೇರೇ ಕೊನೆಯದು, ಹೈವೇನಲ್ಲಿ ಎಂಜಿನ್ ನಿಧಾನ ತಿರುಗುವಂತೆ ಮಾಡುವ ಓವರ್‌ಡ್ರೈವ್ ಗೇರ್ ಇಲ್ಲ. 3.73 ಅನುಪಾತದ ಆಕ್ಸಲ್ (ಚಕ್ರದ ಒಂದು ಸುತ್ತಿಗೆ ಗೇರ್‌ಬಾಕ್ಸಿನ ಶಾಫ್ಟ್ 3.73 ಸುತ್ತು), 26 ಇಂಚಿನ ಟೈರ್ ಅಂತ ಇಟ್ಟುಕೊಳ್ಳಿ. ಗಂಟೆಗೆ 70 ಮೈಲಿಯಲ್ಲಿ ಎಂಜಿನ್ ನಿಮಿಷಕ್ಕೆ ಸುಮಾರು 3,400 ಸುತ್ತು ತಿರುಗುತ್ತದೆ. ಅರ್ಧ ಗಂಟೆಯಲ್ಲಿ ತಲೆನೋವು ಬರುತ್ತದೆ. ಟ್ರೆಮೆಕ್ ಟಿಕೆಎಕ್ಸ್ ಐದು ಗೇರಿನ ಬಾಕ್ಸ್ ಹಾಕಿಸಿ, ಐದನೇ ಗೇರ್ 0.68 ಇರುವುದನ್ನು ಆರಿಸಿಕೊಂಡರೆ ಅದೇ ವೇಗಕ್ಕೆ 2,300 ಸುತ್ತು. ಪಕ್ಕದವರ ಜೊತೆ ಆರಾಮವಾಗಿ ಮಾತಾಡಬಹುದು. ಟಿಕೆಎಕ್ಸ್ ಅನ್ನು ಇಂಥ ಹಳೇ ಕಾರುಗಳಲ್ಲಿ ಗೇರ್‌ಬಾಕ್ಸ್ ಕೂರುವ ಸಣ್ಣ ಟನೆಲ್‌ಗೆಂದೇ ಮಾಡಿದ್ದು. ಆರು ಗೇರಿನ ಟಿ-56 ಮ್ಯಾಗ್ನಮ್‌ಗೆ ಫ್ಲೋರ್ ಕತ್ತರಿಸಬೇಕಾಗುತ್ತದೆ. ನಿಮ್ಮಿಬ್ಬರಿಗೂ ಕ್ಲಚ್ ಬೇಡ ಅಂದರೆ ನಾಲ್ಕು ಗೇರಿನ 4ಎಲ್65ಇ ಆಟೊಮ್ಯಾಟಿಕ್ ಹಾಕಿಸಿ, ಅದರಲ್ಲೂ ಓವರ್‌ಡ್ರೈವ್ ಇದೆ.

ಹಿಂದಿನ ಆಕ್ಸಲ್ ಬಗ್ಗೆ ಒಂದೇ ಮಾತು. ನಿಮ್ಮಲ್ಲಿರುವ 10 ಬೋಲ್ಟಿನದು ಎಲ್‌ಎಸ್3ಯ ಟಾರ್ಕ್ (ತಿರುಚುವ ಬಲ) ತಡೆಯುವುದಿಲ್ಲ. ಅದಕ್ಕಿಂತ ಗಟ್ಟಿಯಾದ 12 ಬೋಲ್ಟಿನದೋ ಫೋರ್ಡ್ 9 ಇಂಚಿನದೋ ಬೇಕು.

ಇಷ್ಟೆಲ್ಲ ಬದಲಿಸಿದ ಮೇಲೆ ಉಳಿಯುವುದೇನು ಅಂತ ಕೆಲವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಜನರಲ್ ಮೋಟರ್ಸ್‌ನ ಎಂಜಿನಿಯರ್ ಮಾರ್ಕ್ ಸ್ಟೀಲೊ ಕಟ್ಟಿದ 1969ರ ಕ್ಯಾಮರೊಗಳನ್ನು ನೋಡಿ. ಪ್ರೊ ಟೂರಿಂಗ್ ಅನ್ನುವ ಈ ದಾರಿಗೆ ಹೆಸರು ಬಂದದ್ದರಲ್ಲಿ ಅವರ ಪಾಲು ದೊಡ್ಡದು. ಕೆಳಗೆಲ್ಲ ಹೊಸದು, ಓಡುವುದು ರೇಸ್ ಕಾರಿನ ಹಾಗೆ. ದೂರದಿಂದ ನೋಡಿದರೆ ಮಾತ್ರ ಅದೇ ಕ್ಯಾಮರೊ. ಚಕ್ರದ ಕಮಾನಿನಿಂದ ಹಿಂದಕ್ಕೆ ಎಳೆದ ಗೆರೆ, ಹಿಂದಿನ ಚಕ್ರದ ಮುಂದಿನ ಆ ಮೀನಿನ ಕಿವಿರಿನಂಥ ಗೀರುಗಳು, ಅಗಲವಾದ ಮೂತಿ, ಯಾವುದನ್ನೂ ಕೆಡಿಸಿಲ್ಲ. ನೀವೂ ಬಾಡಿಯ ಗೆರೆಗಳನ್ನು ಮುಟ್ಟಬೇಡಿ. ಡ್ಯಾಶ್‌ಬೋರ್ಡಿನಲ್ಲಿ ಟಿವಿಯಂಥ ಸ್ಕ್ರೀನ್ ಬೇಡ. ಹಳೇ ಮುಖದಂಥ ಮುಖವಿದ್ದು, ಒಳಗೆ ಎಲೆಕ್ಟ್ರಾನಿಕ್ ಇರುವ ಮೀಟರುಗಳು ಸಿಗುತ್ತವೆ.

ಮಿಶಿಗನ್‌ನಲ್ಲಿ ಹೊಗೆ ತಪಾಸಣೆ ಇಲ್ಲ, ಅದೊಂದು ತಲೆಬಿಸಿ ಕಮ್ಮಿ. ಅಲ್ಲಿ ಹಳೇ ಕಾರುಗಳಿಗೆ ಕೊಡುವ ಹಿಸ್ಟಾರಿಕ್ ನಂಬರ್ ಪ್ಲೇಟ್ ಅಗ್ಗ. ಆದರೆ ಪ್ರದರ್ಶನ, ಕ್ಲಬ್ ಕಾರ್ಯಕ್ರಮ, ಮೆರವಣಿಗೆಗಳಿಗೆ ಮಾತ್ರ. ಆಗಸ್ಟ್ ತಿಂಗಳಲ್ಲಿ ಮಾತ್ರ ಬೇಕಾದ ಹಾಗೆ ಓಡಿಸಬಹುದು. ಹಳೇ ಕಾರುಗಳ ಹಬ್ಬವಾದ ವುಡ್‌ವರ್ಡ್ ಡ್ರೀಮ್ ಕ್ರೂಸ್ ಇರುವುದೂ ಆಗಸ್ಟಿನಲ್ಲೇ ಅಲ್ವಾ! ಜೂನಿನಲ್ಲಿ ಐಸ್‌ಕ್ರೀಮ್ ತಿನ್ನಲು ಹೋಗುವ ಆಸೆಯೂ ಇದ್ದರೆ ಮಾಮೂಲಿ ಪ್ಲೇಟೇ ತೆಗೆದುಕೊಳ್ಳಿ. ಇನ್ಶೂರೆನ್ಸ್ ಮಾತ್ರ ‘ಅಗ್ರೀಡ್ ವ್ಯಾಲ್ಯೂ’, ಅಂದರೆ ಕಾರಿನ ಬೆಲೆಯನ್ನು ಮೊದಲೇ ಒಪ್ಪಿಕೊಂಡ ಪಾಲಿಸಿಯೇ ಆಗಿರಲಿ. ಮಾಮೂಲಿ ಪಾಲಿಸಿ ನಿಮ್ಮ ಕಾರನ್ನು ಹಳೇ ಕಾರು ಅಂತಲೇ ಬೆಲೆ ಕಟ್ಟುತ್ತದೆ.

ಮೈಸೂರಿನ ಆಸೆಗೆ ಬೇಸರದ ಉತ್ತರ ಕೊಡಬೇಕಾಗಿದೆ. ಭಾರತದಲ್ಲಿ 2021ರ ಜುಲೈನಲ್ಲಿ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿ ನಿಯಮ ಬಂತು. 50 ವರ್ಷ ದಾಟಿದ ಕಾರಿಗೆ ‘ವಿಎ’ ಅಕ್ಷರವಿರುವ ನಂಬರ್ ಸಿಗುತ್ತದೆ. ಆದರೆ ಕಾರು ಮೂಲ ರೂಪದಲ್ಲೇ ಇರಬೇಕು. ಚಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಆ ನಂಬರಿನ ಕಾರನ್ನು ದಿನಾ ಓಡಿಸುವಂತೆಯೂ ಇಲ್ಲ. ಕಂಪನಿ ಕೊಟ್ಟದ್ದಕ್ಕೆ ವಿರುದ್ಧವಾಗಿ ಬದಲಿಸಿದ ವಾಹನವನ್ನು ನೋಂದಾಯಿಸುವಂತಿಲ್ಲ ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಎಲ್‌ಎಸ್3 ಹಾಕಿದ ಕ್ಯಾಮರೊಗೆ ಅಲ್ಲಿ ದಾರಿ ಇಲ್ಲ. ಇದನ್ನು ಮಿಶಿಗನ್‌ನ ಕಾರು ಅಂತಲೇ ಇಟ್ಟುಕೊಂಡು ಕಟ್ಟಿಸಿ.

ಹಾಗಿದ್ದರೂ ತೆಗೆದ 307 ಎಂಜಿನ್, ಪವರ್‌ಗ್ಲೈಡ್, ಆಕ್ಸಲ್ ಯಾವುದನ್ನೂ ಗುಜರಿಗೆ ಹಾಕಬೇಡಿ. ಎಂಜಿನ್ ಬ್ಲಾಕಿನ ಮೇಲೆ ವಿಐಎನ್ ನಂಬರಿನ ಒಂದು ಭಾಗವನ್ನು ಕಾರ್ಖಾನೆಯಲ್ಲೇ ಗುದ್ದಿರುತ್ತಾರೆ. ಅದು ಡ್ಯಾಶ್‌ಬೋರ್ಡಿನ ನಂಬರಿಗೆ ಹೊಂದಿದರೆ ಎಂಜಿನ್ ಈ ಕಾರಿನ ಜೊತೆಗೇ ಹುಟ್ಟಿದ್ದು. ಮುಂದೆ ಕೊಳ್ಳುವವರು ಅದನ್ನು ಕೇಳಿಯೇ ಕೇಳುತ್ತಾರೆ. ಸಿಲಿಂಡರುಗಳಿಗೆ ಎಣ್ಣೆ ಬಿಟ್ಟು, ತೂತುಗಳನ್ನೆಲ್ಲ ಮುಚ್ಚಿ, ಸ್ಟ್ಯಾಂಡಿನ ಮೇಲೆ ಗ್ಯಾರೇಜಿನ ಒಂದು ಮೂಲೆಯಲ್ಲಿಡಿ. ಹೊಸ ಎಂಜಿನ್ನಿಗೆ ಮೌಂಟ್ ಹಾಕುವಾಗಲೂ ಸಬ್‌ಫ್ರೇಮನ್ನು ಕತ್ತರಿಸದೆ, ಬೋಲ್ಟ್ ಹಾಕುವ ಅಡಾಪ್ಟರ್ ಪ್ಲೇಟ್‌ಗಳನ್ನೇ ಬಳಸಲು ಹೇಳಿ. ಆಗ ಯಾರಿಗಾದರೂ ಮತ್ತೆ 307 ಕೂರಿಸಬೇಕು ಅನ್ನಿಸಿದರೆ ಹಳೇ ಮೌಂಟ್‌ಗಳು ಅದೇ ತೂತುಗಳಿಗೆ ಬಂದು ಕೂರುತ್ತವೆ.